ಮುಸುಕಿನ ಸುತ್ತು

ಎಡಗಾಲು, ಬಲಗಾಲು, ತಿರುಗು. ಸೂಜಿ ತಿರುಗಲು ಮರೆತಳು. ಪಕ್ಕದವಳ ಭುಜ ಬಂದು ಮುಖಕ್ಕೆ ಬಡಿಯಿತು.

“ಅಯ್ಯೋ, ಯಾರೇ ಅದು ನನ್ನ ಕಾಲು ತುಳಿದಿದ್ದು?” ಮುಸುಕಿನೊಳಗಿಂದ ಯಾರೋ ಗದರಿದರು. ಎಲ್ಲರೂ ನಕ್ಕರು. ಸೂಜಿ ನಗಲಿಲ್ಲ. ನಕ್ಕರೆ ದನಿ ಗೊತ್ತಾಗುತ್ತದೆ.

ಬೇಕರಿಯ ಮೇಜುಗಳನ್ನೆಲ್ಲ ಗೋಡೆಗೆ ಒತ್ತಿದ್ದರು. ನೆಲದ ಮೇಲೆ ಮೈದಾಹಿಟ್ಟಿನ ತೆಳು ಪದರ, ಅದರ ತುಂಬ ಬರಿಗಾಲಿನ ಗುರುತು. ಹೆಂಗಸರಿಗೆಲ್ಲ ಒಂದೇ ಕೆಂಪು ಲಂಗ, ಎದೆಯವರೆಗೆ ಇಳಿಬಿದ್ದ ಒಂದೇ ಕೆಂಪು ಮುಸುಕು. ಅಷ್ಟನ್ನೂ ಹೊಲಿದವಳು ಸೂಜಿಯೇ. ಸಣಕಲು ಮೈ, ಹೊಲಿಗೆ ಕೆಲಸ. ಆ ಅಡ್ಡಹೆಸರು ಇಟ್ಟವಳು ಅವಳ ಗೆಳತಿ ಬನ್ನು. ಗುಂಡು ಮುಖದ ಬನ್ನು ಈ ಬೇಕರಿಯ ಒಡತಿ. ಇವತ್ತು ಅವಳ ಹುಟ್ಟುಹಬ್ಬ.

ಕುಣಿತದ ನಿಯಮ ಹಳೆಯದು. ಹುಟ್ಟುಹಬ್ಬದವಳು ನಡುವೆ ನಿಂತು, ಹೆಜ್ಜೆ ನೋಡಿ ಯಾರೆಂದು ಹೇಳಬೇಕು. ಸರಿಯಾದರೆ ಸಿಕ್ಕಿಬಿದ್ದವಳು ಮುಸುಕು ತೆಗೆದು ಹೊರಗೆ ಕೂರಬೇಕು. ಸುತ್ತು ಚಿಕ್ಕದಾಗುತ್ತಾ ಹೋಗುತ್ತದೆ. ಕೊನೆಗೆ ಉಳಿದವಳ ಮುಸುಕನ್ನು ಎಲ್ಲರೆದುರು ಎತ್ತುತ್ತಾರೆ.

ಅಷ್ಟರೊಳಗೆ ಸೂಜಿ ಇಲ್ಲಿರಬಾರದು.

ಪ್ರತಿ ಪಲ್ಲವಿಗೂ ಸುತ್ತು ಬಿಚ್ಚಿಕೊಂಡು ಸಾಲಾಗಿ ಒಲೆಕೋಣೆಯ ಒಂದು ಬಾಗಿಲಿಂದ ಒಳಗೆ ಹೋಗಿ ಇನ್ನೊಂದರಿಂದ ಹೊರಗೆ ಬರುತ್ತಿತ್ತು. ಒಳಗೆ ಇಸ್ತ್ರಿ ಅಂಗಡಿಯ ಅಕ್ಕ ಇದೇ ವೇಷದಲ್ಲಿ ಕಾದಿರುತ್ತಾಳೆ. ಸಾಲಿನ ಕೊನೆಯಲ್ಲಿ ಸೂಜಿ ಒಳಗೆ ಹೋಗುತ್ತಾಳೆ, ಅಕ್ಕ ಹೊರಗೆ ಬರುತ್ತಾಳೆ. ಹಿಂದಿನ ಓಣಿಯಲ್ಲಿ ಬನ್ನುವಿನ ಅಣ್ಣನ ಬ್ರೆಡ್ ವ್ಯಾನ್. ಮುಂಬಾಗಿಲಿಗೆ ಕುರ್ಚಿ ಹಾಕಿಕೊಂಡು ಕೂತು ಮುಸುಕುಗಳನ್ನು ಎಣಿಸುತ್ತಿರುವ ಗಂಡನಿಗೆ ಕುಣಿತ ಮುಗಿಯುವವರೆಗೆ ಏನೂ ತಿಳಿಯುವುದಿಲ್ಲ. ಅಂದುಕೊಂಡಿದ್ದು ಹೀಗೆ.

ಅವನು ಅವಳನ್ನು ಕಳಿಸುವವನೇ ಅಲ್ಲ. ಅತ್ತೆಯ ಮಾತಿಗೆ ಒಪ್ಪಿದ್ದ. “ಹೋಗ್ಲಿ ಬಿಡೋ. ನಾನೂ ಜೊತೆಗಿರ್ತೀನಲ್ಲ.”

ಅತ್ತೆ ಜೊತೆಗಿರುವುದೆಂದರೆ ಗೋಡೆಗೆ ಕಣ್ಣು ಮೂಡಿದ ಹಾಗೆ. ಹೊಲಿಗೆ ಯಂತ್ರದ ಸದ್ದು ನಿಂತರೆ ಸಾಕು, ಬಂದು ಬಾಗಿಲಲ್ಲಿ ನಿಲ್ಲುವವರು. ಮೊನ್ನೆ ಮಡಚಿಟ್ಟ ಲಂಗವೊಂದನ್ನು ಎತ್ತಿ ತಮ್ಮ ಸೊಂಟಕ್ಕೆ ಹಿಡಿದು ಉದ್ದ ನೋಡಿದ್ದರು.

“ಒಂದು ಜಾಸ್ತಿ ಹೊಲಿದಿದ್ದೀಯಲ್ಲ.”

ಅತ್ತೆ ಮತ್ತೇನೂ ಕೇಳಿರಲಿಲ್ಲ. ಮರುದಿನ ಮಾತ್ರ ಬೇಕರಿಯ ಗಾಜಿನಾಚೆ ಅತ್ತೆ, ಬನ್ನು ತಲೆಗೆ ತಲೆ ತಾಗಿಸಿ ಮಾತಾಡುತ್ತಿದ್ದುದು ಕಂಡಿತ್ತು. “ರಸ್ಕ್ ಕೇಳೋಕೆ ಬಂದಿದ್ರು ಕಣೇ,” ಎಂದಿದ್ದಳು ಬನ್ನು.

ಈಗ ಅತ್ತೆ ಮಗನ ಕಿವಿಯ ಬಳಿ ಬಗ್ಗಿದ್ದರು. ಸುತ್ತು ಅವರನ್ನು ಸವರಿಕೊಂಡೇ ಹಾದುಹೋಯಿತು. ಸೂಜಿ ಕಿವಿಯಾದಳು.

“ಹಿಂದೆ ಇನ್ನೊಂದು ಬಾಗಿಲಿದೆ ಕಣೋ. ಅದನ್ನ ನಾನು ನೋಡ್ಕೋತೀನಿ. ನೀನು ಇಲ್ಲಿಂದ ಏಳ್ಬೇಡ.”

“ಯಾಕಮ್ಮಾ, ಏನಾದ್ರೂ ಗೊತ್ತಾಯ್ತಾ?”

“ನನಗೆ ಗೊತ್ತಾಗದೇ ಇರತ್ತಾ?”

ಅತ್ತೆ ಒಲೆಕೋಣೆಗೆ ನಡೆದರು. ಬಾಗಿಲು ಅವರ ಹಿಂದೆ ತಾನಾಗಿ ಮುಚ್ಚಿಕೊಂಡಿತು. ಸೂಜಿಯ ಕಾಲು ತಾಳಕ್ಕೆ ಎದ್ದು ಬೀಳುತ್ತಲೇ ಇತ್ತು.

“ಸಿಕ್ಕಿದ್ಲು!” ಬನ್ನು ಯಾರದೋ ತೋಳು ಹಿಡಿದಳು. “ಇದು ನಮ್ಮ ಇಸ್ತ್ರಿ ಅಕ್ಕ!”

ಮುಸುಕು ಸರಿಯಿತು. ಅಕ್ಕನೇ. ಮುಖವೆಲ್ಲ ಬೆವರು. “ಹೆಂಗೆ ಗೊತ್ತಾಯ್ತೇ ನಿಂಗೆ?”

“ನೀನು ಹೆಜ್ಜೆ ಇಟ್ರೆ ಅಲ್ಲಿ ನನ್ನ ಕೇಕ್ ಕುಸೀತದೆ!”

ನಗೆಯ ನಡುವೆ ಸೂಜಿ ಒಲೆಕೋಣೆಯ ಬಾಗಿಲತ್ತ ನೋಡಿದಳು. ಅಕ್ಕ ಇಲ್ಲಿದ್ದರೆ ಒಳಗೆ ಅತ್ತೆಯ ಹೊರತು ಯಾರಿದ್ದಾರೆ?

“ನನ್ನ ಹೆಂಡ್ತೀನ ಯಾಕೆ ಇನ್ನೂ ಹಿಡೀಲಿಲ್ಲ?” ಬಾಗಿಲಿಂದ ಗಂಡನ ದನಿ. ಆ ದನಿಯಲ್ಲಿ ನಗುವಿತ್ತು. ಅವನು ನಗುತ್ತಾ ಕೇಳುವ ಪ್ರಶ್ನೆಗಳು ಹೇಗೆ ಮುಗಿಯುತ್ತವೆಂದು ಅವಳಿಗೆ ಗೊತ್ತು.

“ಕೊನೆಗೆ ಅಂತ ಇಟ್ಕೊಂಡಿದ್ದೀನಿ ಭಾವ,” ಎಂದಳು ಬನ್ನು. “ಕಾದ್ರೆ ತಾನೇ ರುಚಿ?”

ಅವಳು ನೇರ ಸೂಜಿಯ ಮುಂದೆ ಬಂದು ನಿಂತಳು. ಹೆಗಲ ಮೇಲೆ ಕೈಯಿಟ್ಟು ದೊಡ್ಡ ದನಿಯಲ್ಲಿ, “ಇದು ಲೈಬ್ರರಿ ಮೇಡಮ್ಮು!” ಎಂದಳು.

“ನಾನಿಲ್ಲಿದ್ದೀನಮ್ಮಾ!” ಆ ತುದಿಯಿಂದ ಮೇಡಮ್ ಕೂಗಿದರು. ಮತ್ತೆ ನಗೆ. ಅದರ ಮರೆಯಲ್ಲಿ ಬನ್ನು ಪಿಸುಗುಟ್ಟಿದಳು.

“ಈ ಸಲ ಹೋಗು.”

“ಒಳಗೆ ಅತ್ತೆ ಇದ್ದಾರಲ್ಲೇ…”

“ಹೋಗು ಅಂದೆ.”

ಬನ್ನುವಿನ ಕಣ್ಣು ಅವಳನ್ನು ನೋಡಲಿಲ್ಲ, ಬಾಗಿಲನ್ನು ನೋಡುತ್ತಿತ್ತು. ಮಾರಿಬಿಟ್ಟಳು ಎಂದುಕೊಂಡಳು ಸೂಜಿ. ನನ್ನನ್ನು ಅತ್ತೆಗೆ ಒಪ್ಪಿಸಿಬಿಟ್ಟಳು.

ಡೋಲು ಜೋರಾಯಿತು. ಪಲ್ಲವಿ. ಸುತ್ತು ಬಿಚ್ಚಿಕೊಂಡಿತು. ಸೂಜಿ ಕೊನೆಯವಳು. ಮುಂದಿನವಳ ಕೈ ಅವಳನ್ನು ಎಳೆದುಕೊಂಡೇ ಒಳಗೆ ಹೋಯಿತು.

ಕತ್ತಲೆ. ಒಲೆಯ ಬಿಸಿ. ಹಿಟ್ಟಿನ ಮೂಟೆಗಳ ಸಂದಿಯಿಂದ ಒಂದು ಕೈ ಬಂದು ಮಣಿಕಟ್ಟು ಹಿಡಿಯಿತು. ಸೂಜಿ ಕೈ ಕೊಸರಿದಳು, ಹಿಡಿತ ಸಡಿಲವಾಗಲಿಲ್ಲ. ಎದುರಿಗೆ ಕೆಂಪು ಲಂಗ, ಕೆಂಪು ಮುಸುಕು. ಅವಳಷ್ಟೇ ಎತ್ತರ. ಆ ಹೆಂಗಸು ಇನ್ನೊಂದು ಕೈಯಿಂದ ಹಿಂದಿನ ಬಾಗಿಲ ಚಿಲಕ ಸರಿಸಿದಳು. ಓಣಿಯ ಸಂಜೆ ಬೆಳಕು ಒಳಗೆ ಬಿತ್ತು. ವ್ಯಾನಿನ ಎಂಜಿನ್ ಗುರುಗುಟ್ಟುತ್ತಿತ್ತು.

ಬೆಳಕು ಆ ತೋಳಿನ ಮೇಲೂ ಬಿತ್ತು. ಮೊಣಕೈ ಮೇಲೆ ಬೆರಳುಗಳ ಅಚ್ಚು, ನೀಲಿಗಟ್ಟಿತ್ತು. ಅದು ಯಾರ ಬೆರಳೆಂದು ಸೂಜಿಗೆ ಗೊತ್ತು. ಅವಳ ತೋಳಿನ ಮೇಲೂ ಅದೇ ಜಾಗದಲ್ಲಿ ಅದೇ ಅಚ್ಚಿತ್ತು.

ಮುಸುಕು ಅರ್ಧ ಎದ್ದಿತು.

“ಅತ್ತೆ…” ಸೂಜಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. “ಕೊನೆಗೆ ನಿಮ್ಮ ಮುಸುಕು ಎತ್ತಿದಾಗ ಅವರು ನಿಮ್ಮನ್ನ ಸುಮ್ನೆ ಬಿಡಲ್ಲ. ನೀವೂ ಬನ್ನಿ, ಗಾಡೀಲಿ ಜಾಗ ಇದೆ.”

“ನಾನು ಬರಲ್ಲ,” ಎಂದರು ಅತ್ತೆ. “ಕೈ ಬಿಡು, ಸಾಲು ಹೋಗ್ತಾ ಇದೆ.”