ಸಾಹೇಬರ ಬೋರ್ಡು

ಬೋರ್ನಿಯೋದ ಜೌಗುಕಾಡಿನಲ್ಲಿ ದಾಯಾಕ್ ಜನ ಮರಕ್ಕೆ ಓರೆಯಾಗಿ ಹಲಗೆ ಕಟ್ಟುತ್ತಾರೆ. ಕೊಂಬೆಯೆಂದು ನಂಬಿ ಹೆಜ್ಜೇನು ಅದರಡಿ ಗೂಡು ಕಟ್ಟುತ್ತದೆ. ಕಾಡು ರಾಷ್ಟ್ರೀಯ ಉದ್ಯಾನವಾದದ್ದೇ ತಡ, ಹೊಸ ಅಧಿಕಾರಿ ಹಲಗೆಗಳನ್ನೆಲ್ಲ ಕೀಳಿಸಿ ಸುಡಿಸಿದರು. ಹುಳಗಳ ಮೇಲೆ ಅಷ್ಟು ಕರುಣೆ. ಸಾಲದ್ದಕ್ಕೆ ‘ಜೇನು ಕೀಳುವುದು ಅಪರಾಧ’ ಎಂದು ಬರೆಸಿ, ಮರದ ದೊಡ್ಡ ಬೋರ್ಡೊಂದನ್ನು ನೆಡಿಸಿದರು.

ಮರುವರ್ಷ ಊರಿನ ಮುಖಂಡ ಲಬಾಂಗ್‌ನ ಮನೆಯಲ್ಲಿ ಅವರಿಗೆ ಜೇನಿನ ಸತ್ಕಾರ. ಬೆರಳು ನೆಕ್ಕುತ್ತ ಕೇಳಿದರು:

“ಎಲ್ಲಿಂದ ತಂದ್ರಿ? ನಿಮ್ಮ ಹಲಗೆ ಒಂದೂ ಉಳಿದಿಲ್ವಲ್ಲ.”

“ಒಂದೂ ಇಲ್ಲ ಸಾಹೇಬ್ರೆ. ನೀವೇ ನಿಂತು ಸುಡಿಸಿದ್ರಿ.”

“ಅಂದಹಾಗೆ, ನಾನು ಹಾಕ್ಸಿದ್ದ ಬೋರ್ಡು ದಾರೀಲಿ ಕಾಣಲಿಲ್ಲ?”

ಲಬಾಂಗ್ ಇನ್ನೊಂದು ಚಮಚ ಜೇನು ಬಡಿಸಿದ.

“ಒಳ್ಳೆ ಗಟ್ಟಿ ಮರದ್ದು ಸಾಹೇಬ್ರೆ. ಸ್ವಲ್ಪ ಓರೆಯಾಗಿ ಕಟ್ಟಿದ್ವಿ, ಅಷ್ಟೆ.”