ಖಾಲಿ ಕಳಿಸದ ಹೂಜಿ

ಕಂಪನಿಯ ಉಗ್ರಾಣದಿಂದ ಪಾರ್ಸೆಲ್ ಅಂಗಡಿಗೆ ತಿರುಗಿ ಬಂದ ಪೆಟ್ಟಿಗೆಯನ್ನು ಬಗ್ಗಿಸುತ್ತಿದ್ದಂತೆ ಪಿಂಗಾಣಿ ಚೂರುಗಳ ಜೊತೆ ಒಂದು ಕುರುತ್ ಮೇಜಿನ ಮೇಲೆ ಉರುಳಿತು. ಕಲ್ಲಿನಂತೆ ಒಣಗಿದ ಮೊಸರುಂಡೆ. ಝಿಬೆಕ್ ಪೆಟ್ಟಿಗೆಯ ಮರೆಯಲ್ಲೇ ಅದನ್ನು ತಟ್ಟನೆ ಮುಷ್ಟಿಯೊಳಗೆ ಸೇರಿಸಿದಳು. ಚಹಾದ ಹೂಜಿ ಒಡೆದದ್ದು ಹೇಗೆಂದು ಅವಳಿಗೆ ಆ ಕ್ಷಣವೇ ತಿಳಿದುಹೋಯಿತು.

ಎದುರಿಗೆ ನೆರೆಮನೆಯ ಹಿರಿಯಾಕೆ ಬುರುಲ್ ಅಪಾ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಕೊಂಡ ಹೂಜಿ ಸಣ್ಣದಾಯಿತೆಂದು ಕಂಪನಿಗೆ ವಾಪಸ್ ಕಳಿಸಿದವಳು ಅವಳೇ. "ನಿನ್ನ ಕೈಗೆ ಕೊಟ್ಟಾಗ ನೆಟ್ಟಗೇ ಇತ್ತಲ್ವೇನೇ ಹುಡುಗಿ? ದಾರೀಲಿ ಒಡೆದ್ರೆ ನನ್ನ ತಲೆಗ್ಯಾಕೆ ಕಟ್ತೀರಿ? ಕಾನೂನು ನಂಗೂ ಗೊತ್ತು."

ಮೇಜಿನ ಮೇಲಿದ್ದ ಫೋನಿನಿಂದ ಕಂಪನಿಯವನ ದನಿ ಬಂತು. "ಸಾಗಣೇಲಿ ಒಡೆದಿದ್ರೆ ಪೂರ್ತಿ ದುಡ್ಡು ವಾಪಸ್ ಕೊಡ್ತೀವಿ, ಅಪಾ. ಹೂಜಿ ಒಳಗೆ ಬೇರೆ ಏನಾದ್ರೂ ಹಾಕಿದ್ರೆ ಮಾತ್ರ ಏನೂ ಸಿಗಲ್ಲ. ಝಿಬೆಕ್, ಒಳಗೆ ಏನಾದ್ರೂ ಇತ್ತಾ?"

ಸುಳ್ಳು ಹೇಳಿ ಸಿಕ್ಕಿಬಿದ್ದರೆ ಈ ಪಾರ್ಸೆಲ್ ಅಂಗಡಿಯ ಕೆಲಸ ಹೋಗುತ್ತದೆ. ನಿಜ ಹೇಳಿದರೆ ನಾಳೆಯಿಂದ ಅಪಾಳ ಮುಖ ನೋಡುವುದು ಹೇಗೆ? ಝಿಬೆಕ್ ಮುಷ್ಟಿಯನ್ನು ಮೇಜಿನ ಕೆಳಗೆ ಇಳಿಸಿದಳು. "ಏನೂ ಇರ್ಲಿಲ್ಲ, ಸರ್. ಹೂಜಿ ಖಾಲಿ ಇತ್ತು."

ಅಪಾಳ ಮುಖ ಕೆಂಪಾಯಿತು. ಝಿಬೆಕ್ ಕಣ್ಣುಸನ್ನೆ ಮಾಡುವಷ್ಟರಲ್ಲಿ ಅಪಾ ಫೋನಿನ ಮೇಲೆ ಬಗ್ಗಿಯಾಗಿತ್ತು.

"ಖಾಲಿನಾ? ಯಾರ ಮನೆಗೇ ಆಗ್ಲಿ, ಖಾಲಿ ಪಾತ್ರೆ ವಾಪಸ್ ಕಳಿಸಿದೋಳಲ್ಲ ನಾನು. ದಪ್ಪನೆ ಕುರುತ್ ಆರಿಸಿ, ನನ್ನ ಕೈಯಾರೆ ಒಳಗೆ ಹಾಕಿದ್ದೆ. ಹೂಜಿ ಒಡೆದಿದ್ದಲ್ದೆ ಅದನ್ನೂ ತಿಂದು ತೇಗಿದ್ರಾ?"

ಝಿಬೆಕ್‌ಳ ಮುಷ್ಟಿಯೊಳಗೆ ಕುರುತ್ ಬೆವರಿಗೆ ಮೆಲ್ಲಗೆ ಒದ್ದೆಯಾಗತೊಡಗಿತು.