ನಳ ಬಂದ ದಿನ

ಕದ್ದ, ಜರಿನೂಲು ಸುತ್ತಿದ ಕಂಡಿಕೆಯನ್ನು ಮಗಳು ಕಾವೇರಿಯ ಕೊರಳಿಗೇ ಕಟ್ಟಿ, ರೋಹಿಣಿ ಅವಳನ್ನು ಮನೆಯ ಮುಂದಿನ ಕಟ್ಟೆಯ ಮೇಲೆ ನಿಲ್ಲಿಸಿದಳು. ಬೇಕೆಂದೇ ಇವತ್ತಿನವರೆಗೆ ಕಾದಿದ್ದಳು. ವಾರ ಕಳೆದ ಮೇಲೆ ನಳದಲ್ಲಿ ನೀರು ಬಂದಿತ್ತು. ಬೆಟಗೇರಿಯ ನೇಕಾರರ ಓಣಿಗೆ ಓಣಿಯೇ ಕೊಡ ಹಿಡಿದು ಹೊರಗೆ ನಿಂತಿತ್ತು.

"ಎಲ್ಲಾರಿಗೂ ಕೇಳುವಂಗ ಹೇಳು. ದ್ಯಾಮವ್ವ ಆಯಿ ಮಗ್ಗದಾಗಿಂದ ಏನ ಕದ್ದಿ?"

"ಕಂಡಿಕಿ... ಗೊಂಬಿ ಸೀರಿಗೆ ಜರಿ ಹಚ್ಚಾಕ."

ಹೆಂಗಸರು ಕಿಸಕ್ಕನೆ ನಕ್ಕರು. ಕಂಡಿಕೆ ಕಳೆದುಕೊಂಡ ಮುದುಕಿ ದ್ಯಾಮವ್ವನೇ ಮುಂದೆ ಬಂದು, "ಸಾಕ ಬಿಡವಾ ರೋಹಿಣಿ, ಕೂಸದು," ಎಂದಳು.

"ನೀವು ಸುಮ್ಮನಿರ್ರಿ ಆಯಿ. ಇವತ್ತ ಬಿಟ್ರ ನಾಳಿ ನನ್ನ ತಲಿ ಮ್ಯಾಲ ಕುಂಡ್ರತಾಳ."

ಮಗಳ ಲಂಗ ಒದ್ದೆಯಾಗುತ್ತಿರುವುದನ್ನು ಮೊದಲು ಕಂಡವಳು ರೋಹಿಣಿಯೇ. ಕಾಲಗುಂಟ ಇಳಿದ ಉಚ್ಚೆ ಕಟ್ಟೆಯ ಅಂಚಿನಿಂದ ತೊಟ್ಟಿಕ್ಕುತ್ತಿತ್ತು. ಓಣಿ ಇನ್ನೂ ನೋಡಿರಲಿಲ್ಲ. ಮೇಲೆ ನೀರು ಬಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡು, ಆಗಷ್ಟೇ ತುಂಬಿದ್ದ ಕೊಡವನ್ನು ಎತ್ತಿಕೊಂಡು ಮಗಳ ಕಡೆಗೆ ಓಡಿದಳು.

ಕೊಡ ಎತ್ತಿ ಬರುತ್ತಿದ್ದ ತಾಯಿಯನ್ನು ಕಂಡದ್ದೇ ಕಾವೇರಿ ಕಟ್ಟೆಯಿಂದ ಜಿಗಿದಳು. ಒದ್ದೆ ಲಂಗದಲ್ಲೇ, ಇಡೀ ಓಣಿ ನೋಡುತ್ತಿದ್ದಂತೆ, ಕೊಡಗಳ ನಡುವೆ ಓಡಿಹೋಗಿ ದ್ಯಾಮವ್ವನ ಸೊಂಟವನ್ನು ತಬ್ಬಿ ಸೆರಗಿನಲ್ಲಿ ಮುಖ ಹುದುಗಿಸಿದಳು.

"ಆಯಿ, ನಮ್ಮವ್ವ ಬಂದ್ಲು! ಹಿಡೀರಿ ಆಕಿನ್ನ, ಹಿಡೀರಿ!"